ನೋವಿನ ನಂಬರ್ ಬರೆಯುವ ಕೊಲ್ಲಾಪುರಮ್ಮ

ಬೆಳಗಿನ ಆರೂವರೆ. ಗುಬ್ಬಿ ತಾಲ್ಲೂಕಿನ ಚೇಳೂರಲ್ಲಿ ಬಸ್ಸಿಳಿದ ಕೊಲ್ಲಾಪುರಮ್ಮ ಸೀದಾ ಸದಾಶಿವಯ್ಯನವರ ಮನೆ ಜಗಲಿಗೆ ಬಂದು ಕೂರುತ್ತಾರೆ. ಚೀಲದಿಂದ ಫಾರಂ ತೆಗೆದು, ‘ಸೊನ್ನೆಯಿಂದ ಹತ್ತರೊಳಗೆ ಇವತ್ತು ಸೊಂಟದ ನೋವು ಎಷ್ಟಣ್ಣ?’ ಎನ್ನುತ್ತಾರೆ.

‘ಮೂರು ಬರ್ಕೊ ಕಣಮ್ಮ.’

‘ಎದ್ದು ನಡ್ದು ತೋರ್ಸಣ್ಣ, ಆಮೇಲೆ ಬರ್ಕತೀನಿ.’

ಮರಳೂರಿನ ಈ ನಲವತ್ತೆಂಟರ ಹೆಂಗಸು ತುಮಕೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದವರು. ಸವೆದ ಬೆನ್ನುಮೂಳೆ ಡಿಸ್ಕಿಗೆ ಅಲ್ಲಿ ಎರಡು ವರ್ಷದಿಂದ ಸ್ಟೆಮ್ ಸೆಲ್ ಚಿಕಿತ್ಸೆಯ ಪ್ರಯೋಗ ನಡೆಯುತ್ತಿದೆ. ದಾನಿಗಳ ಮೂಳೆಮಜ್ಜೆಯಿಂದ ತೆಗೆದ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಡಿಸ್ಕಿನೊಳಕ್ಕೆ ಇಂಜೆಕ್ಷನ್ ಕೊಡುತ್ತಾರೆ. ಆಮೇಲೆ ರೋಗಿಗಳು ಹೇಗಿದ್ದಾರೆಂದು ತಿಂಗಳಿಗೊಮ್ಮೆ ಮನೆಗೇ ಹೋಗಿ ಬರೆದುಕೊಂಡು ಬರುವುದು ಕೊಲ್ಲಾಪುರಮ್ಮನ ಕೆಲಸ. ಕುಣಿಗಲ್ ಕಡೆಯವರೂ ಸೇರಿ ಮೂವತ್ತಾರು ಮಂದಿ. ದಿನಕ್ಕೆ ನಾಲ್ಕು ಬಸ್ಸು.

ಹದಿನೇಳು ವರ್ಷ ರೋಗಿಗಳನ್ನು ಎತ್ತಿ ಮಲಗಿಸಿ ಅವರ ಸೊಂಟವೂ ಹೋಗಿದೆ. ಸಕ್ಕರೆ ಕಾಯಿಲೆ ಇರುವುದರಿಂದ ಪ್ರಯೋಗಕ್ಕೆ ಅವರನ್ನು ಸೇರಿಸಿಕೊಳ್ಳಲಿಲ್ಲ. ‘ಆ ನೋವು ನಂಗೂ ಗೊತ್ತಲ್ಲ, ಅದ್ಕೇ ನನ್ ಹತ್ರ ಸುಳ್ಳು ನಡಿಯಲ್ಲ’ ಎಂದು ನಗುತ್ತಾರೆ.

ಕಾಯಿ ಸುಲಿಯುವ ಕೂಲಿಯ ಸದಾಶಿವಯ್ಯ ಕಳೆದ ಕಾರ್ತೀಕದಲ್ಲಿ, ‘ಸೊನ್ನೆ ಹಾಕ್ಕೊ, ಏನೂ ಇಲ್ಲ’ ಅಂದಿದ್ದರು. ಅಷ್ಟು ಹೇಳಿ ಹಿತ್ತಲಿಗೆ ಹೊರಟಾಗ ಎಡಗಾಲಿನ ಚಪ್ಪಲಿ ಜಾರಿ ಹಿಂದೆಯೇ ಉಳಿಯಿತು. ಅವರಿಗೆ ಗೊತ್ತೇ ಆಗಲಿಲ್ಲ. ಕೊಲ್ಲಾಪುರಮ್ಮ ಅವರನ್ನು ಕೂರಿಸಿ, ‘ಕಾಲ್ ಹೆಬ್ಬೆರಳು ಮೇಲಕ್ಕೆತ್ತಣ್ಣ’ ಅಂದರು. ಬೆರಳು ಏಳಲಿಲ್ಲ. ಡಾಕ್ಟರು ಬೇಡವೆಂದಿದ್ದರೂ ಸದಾಶಿವಯ್ಯ ಎರಡು ದಿನದ ಹಿಂದೆ ತೆಂಗಿನಕಾಯಿ ಮೂಟೆ ಹೊತ್ತಿದ್ದರು.

‘ಬೈತಾರೆ ಅಂತ ಮುಚ್ಚಿಟ್ಟಿದ್ದೆ’ ಎಂದು ಈಗ ಒಪ್ಪಿಕೊಳ್ಳುತ್ತಾರೆ.

ಅವತ್ತು ಹೆಂಡತಿ ತಿಪ್ಪಮ್ಮ ಅಳುತ್ತಾ ನಿಂತರೆ, ‘ಅಳೋದು ಆಮೇಲೆ ಇರ್ಲಿ ಬುಡಕ್ಕ, ಮೊದ್ಲು ಆಟೋ ಕರಿ’ ಎಂದರಂತೆ ಕೊಲ್ಲಾಪುರಮ್ಮ. ಮಧ್ಯಾಹ್ನದೊಳಗೆ ಸ್ಕ್ಯಾನ್ ಆಯಿತು. ಇಂಜೆಕ್ಷನ್ ಕೊಟ್ಟ ಡಿಸ್ಕಲ್ಲ, ಅದರ ಕೆಳಗಿನದು ಜಾರಿ ನರ ಒತ್ತುತ್ತಿತ್ತು. ಮಾರನೆಯ ದಿನವೇ ಆಪರೇಷನ್. ಇನ್ನೊಂದು ವಾರ ತಡವಾಗಿದ್ದರೆ ಪಾದ ಹಾಗೇ ಜೋತುಬಿದ್ದು ಉಳಿಯಬಹುದಿತ್ತು ಎಂದರು ಡಾಕ್ಟರು. ಹತ್ತನೇ ದಿನ ಹೆಬ್ಬೆರಳು ಎದ್ದಿತು. ‘ನಾನು ವಾರ್ಡ್ ಹೊರಗೆ ಬೆಂಚ್ ಮೇಲೆ ಕೂತ್ಬುಟ್ಟೆ. ಅಷ್ಟು ನೆಮ್ಮದಿ ಆಯ್ತು’ ಎನ್ನುತ್ತಾರೆ ಕೊಲ್ಲಾಪುರಮ್ಮ.

ಮೂವತ್ತಾರು ಜನರಲ್ಲಿ ಯಾರಿಗೆ ಸ್ಟೆಮ್ ಸೆಲ್ ಸಿಕ್ಕಿದೆ, ಹೋಲಿಸಿ ನೋಡಲು ಯಾರಿಗೆ ಬರೀ ಸಲೈನ್, ಅಂದರೆ ಉಪ್ಪುನೀರು, ಕೊಟ್ಟಿದ್ದಾರೆ ಎಂಬುದು ರೋಗಿಗಳಿಗೂ ಗೊತ್ತಿಲ್ಲ, ಇವರಿಗೂ ಗೊತ್ತಿಲ್ಲ. ಮುಂದಿನ ವರ್ಷ ಆ ಪಟ್ಟಿ ತೆರೆಯುತ್ತಾರೆ. ಅದಕ್ಕಾಗಿ ಕೊಲ್ಲಾಪುರಮ್ಮ ಈಗಲೇ ಡಾಕ್ಟರ ಹತ್ತಿರ ಒಂದು ಮಾತು ಕೇಳಿಟ್ಟಿದ್ದಾರೆ.

‘ಸಲೈನ್ ಬಿದ್ದೋರಿಗೆ ಫೋನಲ್ಲಿ ಹೇಳ್ಬೇಡಿ ಸಾರ್. ನಾನೇ ಮನೆಗೆ ಹೋಗಿ, ಪಕ್ಕದಲ್ಲಿ ಕೂತ್ಕೊಂಡು ಹೇಳ್ತೀನಿ.’