ಹೊಳಿಯವ್ವ ಕೇಳಿ ಹಾಕಿಸಿದ ಕ್ಯಾಸೆಟ್ಟು

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವುದರಲ್ಲಿ ಹೊಳಿಯವ್ವನನ್ನು ಮೀರಿಸುವವರಿರಲಿಲ್ಲ. ಗಂಡ ತೀರಿಕೊಂಡ ವರ್ಷ ಮಾಲತೇಶಪ್ಪನ ಅಂಗಡಿ ಸೇರಿದವಳು ಹತ್ತೊಂಬತ್ತು ವರ್ಷ ಅಲ್ಲೇ ಕುಳಿತಳು. ಬೆರಳು ಸದಾ ಉರಿ. ಮಗಳು ಮೈಲವ್ವನ ಕೆನ್ನೆ ಸವರಲೂ ಹೆದರುತ್ತಿದ್ದಳು. ಬಾಯಿ ಮಾತ್ರ, ಅಯ್ಯಯ್ಯೋ, ಹಮಾಲರೇ ದಾರಿ ಬಿಡಬೇಕು.

ಅಂಥವಳ ಬಾಯಿ ಕಟ್ಟಿದ್ದು ತೊಂಬತ್ತಾರರ ಒಂದು ಸಂಜೆ. ಕೆಲಸ ಮುಗಿಸಿದ ಹೆಂಗಸರು ಬಾಗಿಲಲ್ಲಿ ಸೆರಗು ಝಾಡಿಸಿ ತೋರಿಸಿಯೇ ಹೊರಡಬೇಕು, ಅದು ಅಲ್ಲಿನ ರೂಢಿ. ಅವತ್ತು ಅವಳ ಸೆರಗಿನಿಂದ ಎರಡು ಕಾಯಿ ಬಿದ್ದವು. ಬ್ಯಾಡಗಿ ಕಾಯಿ ಸುಕ್ಕುಸುಕ್ಕು, ಸೀರೆಗೆ ಸಿಕ್ಕಿಕೊಳ್ಳುತ್ತದೆ. ಮಾಲತೇಶಪ್ಪನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಬೀದಿ ಜನರ ಮುಂದೆ, “ಕಳ್ಳಿ! ಇಷ್ಟ ದಿನಾ ಎಷ್ಟ ಒಯ್ದೀದಿ?” ಎಂದು ಕೂಗಿ ಉಡಿ ಬಿಚ್ಚಿಸಿದ. ಮೈಲವ್ವನನ್ನು ಒಪ್ಪಿದ್ದ ರಾಣೇಬೆನ್ನೂರಿನ ಬೀಗರು, ಕಳ್ಳಿಯ ಮಗಳು ಬೇಡವೆಂದು ಹಿಂದೆ ಸರಿದರು.

ಮರುದಿನವೂ ಹೊಳಿಯವ್ವ ಕೆಲಸಕ್ಕೆ ಹಾಜರು.

“ನಾಚಿಕಿ ಇಲ್ಲೇನ ನಿನಗ?” ಎಂದಳು ಜೊತೆಯ ಶೇಖವ್ವ.

“ನಾಚಿಕಿ ಮನ್ಯಾಗ ಇಟ್ಟ ಬಂದೇನಿ. ಅವನ ಮಾರಿ ಎಲ್ಲಾರ ಮುಂದ ಕರ್ರಗಾಗೋ ತನಕ ಈ ಜಾಗಾ ಬಿಡೂದಿಲ್ಲ.”

ಹೆಂಗಸರ ಕಾವಲಿಗೆಂದು ಮಾಲತೇಶಪ್ಪ ಹುಬ್ಬಳ್ಳಿಯಿಂದ ಕ್ಯಾಮೆರಾ ತರಿಸಿ ತೊಲೆಗೆ ಬಿಗಿಸಿದ. ಗಾದಿಯ ಪಕ್ಕ ಟೀವಿ, ಕೆಳಗೆ ವಿಸಿಆರ್. ಬೆಳಗ್ಗೆ ಅಂಗಡಿ ತೆರೆದೊಡನೆ ತಾನೇ ಕ್ಯಾಸೆಟ್ಟು ಹಾಕಿ ರೆಕಾರ್ಡಿನ ಗುಂಡಿ ಒತ್ತುವನು. ಆಮೇಲೆ ಎಂದಿನಂತೆ, ತೂಕ ಬರಲೆಂದು ರಾಶಿಗೆ ನೀರು ಚಿಮುಕಿಸುವನು. ಕ್ಯಾಮೆರಾ ಇರುವುದು ಕೂಲಿಯವರನ್ನು ನೋಡಲಿಕ್ಕೆ. ಮಾಲೀಕನನ್ನೂ ನೋಡೀತು ಎಂಬುದು ಆ ಪುಣ್ಯಾತ್ಮನ ತಲೆಗೇ ಬರಲಿಲ್ಲ. ಹೊಳಿಯವ್ವನಿಗೆ ಮೊದಲ ದಿನವೇ ಹೊಳೆಯಿತು. ಹಲ್ಲು ಕಚ್ಚಿ ಕಾದಳು.

ರಾಶಿ ನೋಡಿ ದರ ಬರೆಯುವ ಟೆಂಡರಿನ ದಿನ ದೊಡ್ಡ ಖರೀದಿದಾರ ಮಹಮ್ಮದ್ ಹನೀಫ್ ಬಂದು ಕುಳಿತರು. ಸುತ್ತ ಹತ್ತಾರು ವ್ಯಾಪಾರಿಗಳು. ಮಾಲತೇಶಪ್ಪ ಟೀವಿ ತೋರಿಸಿ ಜಂಬ ಕೊಚ್ಚುತ್ತಿದ್ದ. ಹೊಳಿಯವ್ವ ಎದ್ದು ಬಂದಳು.

“ಸಾವಕಾರ್ರ, ನಾ ಮುಂಜಾನೆ ಬಂದದ್ದೂ ಇದರಾಗ ಕಾಣ್ತೈತೇನ್ರಿ?”

“ನೊಣಾ ಹಾರಿದ್ರೂ ಕಾಣ್ತೈತಿ!”

“ಹಂಗಾರ ಮೊದಲಿಂದ ಹಾಕ್ರಿ. ಕಳ್ಳಿ ಮಾರಿ ಎಲ್ಲಾರೂ ನೋಡ್ಲಿ.”

ಉಬ್ಬಿಹೋದ ಮಾಲತೇಶಪ್ಪ ಕ್ಯಾಸೆಟ್ಟನ್ನು ಪೂರ್ತಿ ಹಿಂದಕ್ಕೆ ಸುತ್ತಿ ಹಾಕಿದ. ಟೀವಿಯಲ್ಲಿ ಮೊದಲು ಕಂಡವನು ಅವನೇ, ಕೈಯಲ್ಲಿ ನೀರಿನ ಕೊಡ. ಆರಿಸಲು ಹೋದರೆ ಗಡಿಬಿಡಿಯಲ್ಲಿ ಗುಂಡಿಯೇ ಸಿಗಲಿಲ್ಲ. ಹನೀಫ್ ಸಾಹೇಬರು ಮೊಣಕೈವರೆಗೆ ರಾಶಿಗೆ ಕೈ ಹಾಕಿ, ಒದ್ದೆ ಕಾಯಿ ತೆಗೆದು ಎಲ್ಲರಿಗೂ ತೋರಿಸಿದರು.

“ಎಷ್ಟ ವರ್ಷದಿಂದ ನಮಗ ನೀರ ಮಾರಾಕತ್ತೀಯೋ, ಕಳ್ಳಾ!”

ಆ ಒಂದು ಮಾತಿಗೆ ಹೊಳಿಯವ್ವನ ಹೊಟ್ಟೆ ತಣ್ಣಗಾಯಿತು. ವ್ಯಾಪಾರಿಗಳು ಒಬ್ಬೊಬ್ಬರಾಗಿ ಎದ್ದು ಹೋದರು, ವಾರದೊಳಗೆ ಸುದ್ದಿ ಹಾವೇರಿ, ರಾಣೇಬೆನ್ನೂರು ಮುಟ್ಟಿತು. ಅಂಗಡಿಗೆ ಕಾಯಿ ತರುವವರೂ ಇಲ್ಲ, ಕೊಳ್ಳುವವರೂ ಇಲ್ಲ.

ಎಂಟನೇ ದಿನ ಮಾಲತೇಶಪ್ಪ ಅವಳ ಬಾಗಿಲಿಗೇ ಬಂದು ಕೈ ಮುಗಿದ.

“ತಪ್ಪಾತವ್ವಾ. ಸಾಹೇಬ್ರಿಗೆ ಒಂದ್ ಮಾತ ಹೇಳು, ನೀರ ಹಾಕಿದ್ದು ಅವತ್ತೊಂದ ದಿನಾ ಅಷ್ಟ ಅಂತ. ನಾನೂ ಬೀಗರ ಮನಿಗೆ ಹೋಗಿ, ನೀ ಕಳ್ಳಿ ಅಲ್ಲಂತ ಹೇಳಿ ಬರ್ತೇನಿ.”

ಹೊಳಿಯವ್ವ ಸೊಂಟದ ಮೇಲೆ ಕೈಯಿಟ್ಟು ಗಹಗಹಿಸಿ ನಕ್ಕಳು.

“ನಿಮ್ಮ ಮಾತು ಇನ್ನ ಯಾರ್ ನಂಬ್ತಾರ್ರಿ, ಸಾವಕಾರ್ರ?”

ಅಂದಮೇಲೆ ಹೊಳೆಯಿತು, ತಾನು ಕಳ್ಳಿಯಲ್ಲವೆಂದು ಬೀಗರಿಗೆ ಹೇಳಬೇಕಾದ ಬಾಯಿಯೂ ಅದೇ. ಒಳಗೆ ರೊಟ್ಟಿ ಬಡಿಯುತ್ತಿದ್ದ ಮೈಲವ್ವನ ಕೈ ನಿಂತಿತ್ತು.