ಆಯಿ ಬಾಯಿಬಿಟ್ಟು ಹೇಳಿದ್ದು

ಬೇವಿನ ಎಣ್ಣೆಗೆ ಅರಿಸಿನ ಹಾಕಿ ಕಾಯಿಸುವಾಗ ಏಳುವ ಕಹಿ ವಾಸನೆ ನಿಮಗೆ ಪರಿಚಯವಿದ್ದರೆ, ಗಡಿಯೂರು ಉಗಾರ ಬುದ್ರುಕದ ನಮ್ಮ ಮನೆಯನ್ನು ಅರ್ಧ ಕಂಡ ಹಾಗೆಯೇ. ಅಪ್ಪನ ತಾಯಿ ಮಾರ್ತವ್ವನನ್ನು ನಾವು ಆಯಿ ಎನ್ನುತ್ತಿದ್ದೆವು. ಬೆಳಗಿನ ರೊಟ್ಟಿ ಮುಗಿದ ಮೇಲೆ ಒಲೆಯಲ್ಲಿ ಉಳಿದ ಕೆಂಡದ ಮೇಲೆ ಅವಳು ಆ ಎಣ್ಣೆ ಇಡುತ್ತಿದ್ದಳು. ಕಬ್ಬು ಕಡಿಯುವವರ ಒಡೆದ ಹಿಮ್ಮಡಿಗಳಿಗೆ ಅದು ಬೇಕಾಗುತ್ತಿತ್ತು. ಅಜ್ಜ ಊರಿನ ಸಣ್ಣ ಕ್ರೈಸ್ತ ಸಭೆಯ ಪಾಲಕರು. ಗದ್ದೆಯ ಬದುವಿನಲ್ಲಿ, ಹೊಳೆಯ ದಂಡೆಯಲ್ಲಿ, ನಾಲ್ಕು ಜನ ಕೂತರೆ ಸಾಕು, ಅಜ್ಜ ಯೇಸುವಿನ ಕತೆ ಶುರುಮಾಡುತ್ತಿದ್ದರು. ಕನ್ನಡದಲ್ಲಿ ಹೊರಟ ಮಾತು ಮರಾಠಿಯಲ್ಲಿ ಮುಗಿಯುತ್ತಿತ್ತು. ಆಯಿ ಪಕ್ಕದಲ್ಲಿ ತಲೆತಗ್ಗಿಸಿ ಯಾರದೋ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಹೇಳುವುದು ಅವರ ಕೆಲಸ, ಮಾಡುವುದು ಇವಳ ಕೆಲಸ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದೆವು.

ಆಮೇಲೆ ಅಜ್ಜನ ಗಂಟಲಲ್ಲಿ ಗಡ್ಡೆಯಾಯಿತು. ಮಿರಜಿನಲ್ಲಿ ಆಪರೇಷನ್ ಆಗಿ ಜೀವ ಉಳಿಯಿತು, ಧ್ವನಿ ಹೋಯಿತು. ಅಂದಿನಿಂದ ಅವರೂ ಆಯಿಯ ಜೊತೆ ಕಾಯಿಲೆಯವರಿಗೆ ಕೊಡುವ ಗಂಜಿಯ ಪಾತ್ರೆ ಹಿಡಿದು ಮನೆಮನೆಗೆ ನಡೆದರು. ಊರು ಅವರನ್ನು ಮೊದಲಿಗಿಂತ ಹೆಚ್ಚು ಮೆಚ್ಚಿಕೊಂಡಿತು. ಜನ ಹೊಗಳಿದಾಗಲೆಲ್ಲ, ಇದು ಯಾರ ಸಲುವಾಗಿ ಎಂದು ಹೇಳಲಾಗದ ಅಜ್ಜ ಬೇರೆ ಕಡೆ ನೋಡುತ್ತಿದ್ದರು.

ಓಣಿಯ ತುದಿಯಲ್ಲಿ ಚಂಪವ್ವ ಎಂಬ ಜೈನರ ಮುದುಕಿ ಇದ್ದಳು. ಮಗಳನ್ನು ಬೇಡಕಿಹಾಳಕ್ಕೆ ಕೊಟ್ಟಿದ್ದಳು, ಮನೆಯಲ್ಲಿ ಒಬ್ಬಳೇ. ಸಕ್ಕರೆ ಕಾಯಿಲೆಯಿಂದ ಅವಳ ಪಾದ ಹುಣ್ಣಾಗಿತ್ತು. ಡಾಕ್ಟರು ಹೇಳಿಕೊಟ್ಟಂತೆ ಆಯಿ ದಿನವೂ ಅದನ್ನು ತೊಳೆದು ಪಟ್ಟಿ ಕಟ್ಟುತ್ತಿದ್ದಳು. ಒಂದು ಮುಂಜಾನೆ ಅಜ್ಜನೂ ನಾನೂ ಜೊತೆಗಿದ್ದೆವು. ಚಂಪವ್ವ ಅಜ್ಜನ ಮುಖವನ್ನೂ ಆಯಿಯ ಮುಖವನ್ನೂ ನೋಡಿ ನಿಧಾನಕ್ಕೆ ಅಂದಳು: "ಮಾರ್ತವ್ವಾ, ನಿಮಗ ಪುಣ್ಯಾ ಬಾಳ ಬೇಕಾಗೈತಿ ಅಂತ ಕಾಣತೈತಿ. ಗಳಸ್ರಿ. ನನ್ನ ಕಾಲಾದ್ರೂ ಯಾರಿಗೋ ಉಪಯೋಗ ಆಗಲಿ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಆದರೆ ಅಜ್ಜನ ಬಾಯಿ ತೆರೆಯಿತು, ತುಟಿ ಅಲುಗಿತು, ಬರೀ ಗಾಳಿ ಬಂತು. ಅವರು ಆಯಿಯ ಕಡೆ ನೋಡಿದರು. ಅಂಥ ಬೇಡಿಕೆಯ ಕಣ್ಣನ್ನು ನಾನು ಮತ್ತೆ ಕಂಡಿಲ್ಲ.

ಆಯಿ ಸೆರಗಿನಿಂದ ಕೈ ಒರೆಸಿಕೊಂಡಳು. ಬೆವೆತಿದ್ದಳು. "ಪುಣ್ಯಾಕ ಬರೂದಿಲ್ಲಬೇ ನಾ," ಅಂದಳು. "ನಾ ಏನೂ ಮಾಡೂಕಿಂತ ಮೊದಲ ಒಬ್ಬಾಂವ ನನ್ನ ಮ್ಯಾಲ ಪ್ರೀತಿ ಇಟ್ಟಾನ. ಯೇಸು ಅಂತ ಅವನ ಹೆಸರು. ತನ್ನ ಜೋಡಿ ಇದ್ದವರ ಕಾಲ ತಾನ ತೊಳದಾ. ನಮ್ಮ ಸಲುವಾಗಿ ಜೀವಾ ಕೊಟ್ಟಾ, ಸತ್ತಾಂವ ತಿರಗಿ ಎದ್ದಾ. ಆ ಪ್ರೀತಿ ನಿನ್ನ ಮ್ಯಾಲೂ ಐತಿ. ಇದನ್ನ ಹೇಳಬೇಕಂತಿದ್ದೆ, ನನಗ ಬಾಯಿ ಬರಲಿಲ್ಲ."

ಚಂಪವ್ವ ಆಯಿಯ ಕಡೆಗೆ ಬಾಗಿದಳು. "ನೀ ಹೇಳದಿದ್ರ ನನಗ ಹೆಂಗ ತಿಳೀಬೇಕವಾ?" ಅಂದಳು. "ನಾಳಿ ಬಂದಾಗ ಮುಂದಿಂದು ಹೇಳು."

ಅಂದು ಮನೆಗೆ ಬರುವಾಗ ಅಜ್ಜ ನಡುಬೀದಿಯಲ್ಲಿ, ಎಲ್ಲರೂ ನೋಡುತ್ತಿರುವಂತೆಯೇ, ಆಯಿಯ ಕೈ ಹಿಡಿದುಕೊಂಡು ನಡೆದರು. ನಾಚಿದರೂ ಆಯಿ ಕೈ ಬಿಡಿಸಿಕೊಳ್ಳಲಿಲ್ಲ.

ಮರುದಿನದಿಂದ ಪಟ್ಟಿ ಕಟ್ಟುತ್ತ ಆಯಿ ಒಂದೊಂದೇ ಕತೆ ಹೇಳಿದಳು. ತಪ್ಪಿದಲ್ಲಿ ಅಜ್ಜ ಕೈಸನ್ನೆಯಿಂದ ತಿದ್ದುತ್ತಿದ್ದರು. ಚಂಪವ್ವ ತನ್ನ ಜಪಮಾಲೆಯನ್ನು ಬಿಡಲಿಲ್ಲ. ಕೊನೆಗೆ ಹಾಸಿಗೆ ಹಿಡಿದಾಗ ಮಾತ್ರ, ಕಣ್ಣುಮುಚ್ಚಿ ಪ್ರಾರ್ಥಿಸುತ್ತಿದ್ದ ಆಯಿಯ ಮೊಣಕೈ ಮುಟ್ಟಿ, "ಮನಸಿನ್ಯಾಗ ಬ್ಯಾಡ, ನನಗ ಕೇಳೂಹಂಗ ಹೇಳು," ಅಂದಳು. ಆಯಿ ಗಟ್ಟಿಯಾಗಿಯೇ ಹೇಳಿದಳು. ಚಂಪವ್ವ ಏನನ್ನು ನಂಬಿಕೊಂಡು ಹೋದಳೋ, ಅದು ಅವಳಿಗೂ ದೇವರಿಗೂ ಗೊತ್ತು.

ಈಗ ಆ ಮನೆ ಇಲ್ಲ. ಜಾಗ ಮಾರಿ ಅಪ್ಪ ನಿಪ್ಪಾಣಿಗೆ ಬಂದರು. ಅಜ್ಜ, ಆಯಿ ಇಬ್ಬರೂ ಉಗಾರದಲ್ಲೇ, ಊರಾಚೆಯ ಮಣ್ಣಿನಲ್ಲಿ ಒಬ್ಬರ ಪಕ್ಕ ಒಬ್ಬರು ಮಲಗಿದ್ದಾರೆ. ಕಳೆದ ಸಲ ಹೋದಾಗ ಸುತ್ತ ಕಬ್ಬು ಆಳೆತ್ತರ ಬೆಳೆದು ಸಮಾಧಿ ಕಾಣುತ್ತಿರಲಿಲ್ಲ. ಗರಿಗಳನ್ನು ಸರಿಸಿ ಒಳಗೆ ಹೋಗಿ, ಮಣ್ಣಿನ ಮೇಲೆ ಕೂತು, ನನ್ನ ಮಕ್ಕಳ ಸುದ್ದಿಯೆಲ್ಲ ಅವರಿಗೆ ಕೇಳಿಸುವ ಹಾಗೆ ಹೇಳಿ ಬಂದೆ.