ಬಾನೆಟ್ ತೆಗೆದಿಟ್ಟು ಆಡಿದ ಮಾತು

ಕಾಶ್ಮೀರದ ಗುಲ್ಮಾರ್ಗಿನಲ್ಲಿ ಸ್ನೋ ಸ್ಕೂಟರ್ ರಿಪೇರಿ ಮಾಡೋದು ನನ್ನ ಕೆಲಸ. ಒಂದು ಸಂಜೆ, ಬೀಳುವ ಹಿಮದಲ್ಲೇ ಬಾನೆಟ್ ತೆಗೆದು ಒಳಗೆ ಗಟ್ಟಿಯಾಗಿದ್ದ ಹಿಮ ಕೆರೆಯುತ್ತಿದ್ದೆ.

"ನೋಡೇ, ಗಾಡಿ ಹೊಟ್ಟೇಲೂ ಮಂಜು ತುಂಬ್ಕೊಂಡೈತೆ," ಅಂತ ಹಿಂದೆ ಯಾರೋ ಹೆಂಡತಿಗೆ ಹೇಳಿದರು. ಕನ್ನಡ ಕಿವಿಗೆ ಬಿದ್ದು ತಿಂಗಳುಗಳಾಗಿದ್ದವು.

"ಅದು ಕರಗಿ ಮತ್ತೆ ಗಟ್ಟಿಯಾದ್ರೆ ಹ್ಯಾಂಡಲ್ಲೇ ತಿರುಗಲ್ಲ ಸಾರ್," ಅಂದೆ.

ಅವರು ಬೆಚ್ಚಿಬಿದ್ದರು. "ಯಾವೂರಪ್ಪಾ?"

"ಮುಳಬಾಗಿಲು ಹತ್ರ, ತಾಯಲೂರು."

"ನಮ್ದು ಅಲ್ಲೇ ಹತ್ರ, ಹೋಳೂರು ಕಣಪ್ಪಾ!"

ಅಷ್ಟೇ ಸಾಕಾಯಿತು. ಗಾಳಿಕಿಂಡಿಗೆ ಜಾಲರಿ ಕಟ್ಟೋದು, ಸಂದಿಗೆ ಸ್ಪಂಜು ತುರುಕೋದು, ಹಿಮ ಒಳಗೆ ಸೇರದಂತೆ ಮಾಡೋ ಉಪಾಯವನ್ನೆಲ್ಲ ಅವರು ಕೇಳದಿದ್ದರೂ ವಿವರಿಸಿದೆ. ಕೊನೆಗೆ ಅವರ ಹೆಂಡತಿ ಚಳಿಗೆ ನಡುಗುತ್ತಾ, "ಬರ್ತೀವಪ್ಪಾ, ಹುಷಾರು," ಅಂದರು.

ತಿರುಗಿ ನೋಡಿದರೆ ಬಾನೆಟ್ ಮುಚ್ಚಿರಲೇ ಇಲ್ಲ. ಒಳಗೆ ಮೊದಲಿಗಿಂತ ಹೆಚ್ಚು ಹಿಮ ತುಂಬಿತ್ತು. ಮತ್ತೆ ಕೆರೆಯಲು ಕೂತೆ, ಈ ಸಲ ಬಾಯಿ ಮುಚ್ಚಿಕೊಂಡು. ತೆರೆದರೂ ಕೇಳೋರು ಯಾರಿದ್ದರು?